ಎಂಜಿನ್ನಿಗಿಂತ ಮೊದಲು ಆಸನ

ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ, ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402 ಮೀಟರ್, ಯಾರು ಬೇಗ ಮುಗಿಸುತ್ತಾರೆ ಎಂಬುದೇ ಡ್ರ್ಯಾಗ್ ರೇಸ್. ವಾಲಿ ಪಾರ್ಕ್ಸ್ 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ (ಎನ್‌ಎಚ್‌ಆರ್‌ಎ) ಕಟ್ಟಿ ಈ ಆಟವನ್ನು ಬೀದಿಯಿಂದ ಟ್ರ್ಯಾಕಿಗೆ ತಂದರು. ಅಲ್ಲಿಂದ ಇಲ್ಲಿಯವರೆಗೂ ಅಮೆರಿಕದಲ್ಲಿ ಮನೆಯ ಶೆಡ್ಡಿನಲ್ಲೇ ಕಾರು ಕಟ್ಟುವವರು ಈ ಆಟದ ಜೀವಾಳ. ಅವರಲ್ಲಿ ಬಹಳ ಮಂದಿ ಹಿಡಿಯುವ ದಾರಿ ಒಂದೇ: ಮೊದಲು ಎಂಜಿನ್ ಕೊಳ್ಳುವುದು, ಅದಕ್ಕೆ ತಕ್ಕ ಗೇರ್‌ಬಾಕ್ಸ್ ಹುಡುಕುವುದು, ಅವೆರಡನ್ನೂ ಹೊರಲು ಚಾಸಿ ಕಟ್ಟುವುದು, ಉಳಿದ ಜಾಗದಲ್ಲಿ ಸೀಟು ಕೂರಿಸುವುದು. ಈ ಕ್ರಮ ತಲೆಕೆಳಗಾದದ್ದು. ಚಾಸಿಯ ನಕ್ಷೆ ಹೆಲ್ಮೆಟ್ ಹಾಕಿ ಕುಳಿತ ಚಾಲಕನ ಮೈಯಿಂದ ಶುರುವಾಗಬೇಕು. ಎಂಜಿನ್ನಿನ ಜಾಗ ಆಮೇಲೆ ತೀರ್ಮಾನವಾಗಬೇಕು.

ಇದಕ್ಕೆ ಈ ಆಟದ ಚರಿತ್ರೆಯೇ ಸಾಕ್ಷಿ. ಮಿಕಿ ಥಾಂಪ್ಸನ್ 1954ರಲ್ಲಿ ಕಟ್ಟಿದ ‘ಸ್ಲಿಂಗ್‌ಶಾಟ್’ ಮಾದರಿಯಲ್ಲಿ ಚಾಲಕ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಕೂರುತ್ತಿದ್ದ. ಎಂಜಿನ್, ಕ್ಲಚ್ ಎಲ್ಲವೂ ಅವನ ಮುಂದೆ. ಅದಕ್ಕೆ ಕಾರಣವೂ ಇತ್ತು. ಹಿಂದಿನ ಟಯರುಗಳ ಮೇಲೆ ತೂಕ ಬಿದ್ದಷ್ಟೂ ಹಿಡಿತ ಹೆಚ್ಚು. ಆದರೆ ಆ ಲೆಕ್ಕದಲ್ಲಿ ಚಾಲಕ ಒಂದು ಭಾರದ ಕಲ್ಲಾಗಿಬಿಟ್ಟ. 1970ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಚಾಲಕ ಡಾನ್ ಗಾರ್ಲಿಟ್ಸ್ ಅವರ ಅಂಥದೇ ಕಾರಿನ ಗೇರ್‌ಬಾಕ್ಸ್ ಸಿಡಿದು, ಕಾರು ಎರಡು ತುಂಡಾಗಿ, ಅವರ ಬಲಪಾದದ ಒಂದು ಭಾಗವೇ ಹೋಯಿತು. ಆ ಬಳಿಕ ಗಾರ್ಲಿಟ್ಸ್ ಚಾಲಕನನ್ನು ಮುಂದಕ್ಕೆ, ಎಂಜಿನ್ನನ್ನು ಅವನ ಬೆನ್ನ ಹಿಂದಕ್ಕೆ ಇಟ್ಟು ಹೊಸ ಕಾರು ಕಟ್ಟಿದರು. ಅಂಥ ಕಾರುಗಳನ್ನು ಹಿಂದೆಯೂ ಕೆಲವರು ಪ್ರಯತ್ನಿಸಿದ್ದರು. ಅವು ನೇರ ಓಡುವುದಿಲ್ಲ ಎಂಬ ಹೆಸರು ಪಡೆದಿದ್ದವು. ಸ್ಟೀರಿಂಗಿನ ಚುರುಕನ್ನು ತಗ್ಗಿಸಿದ್ದೇ ಅದಕ್ಕೆ ಪರಿಹಾರವಾಯಿತು. 1971ರಲ್ಲಿ ಪೊಮೊನಾದ ವಿಂಟರ್‌ನ್ಯಾಷನಲ್ಸ್ ಪಂದ್ಯವನ್ನು ಆ ಕಾರು ಗೆದ್ದಿತು. ಕೆಲವೇ ವರ್ಷಗಳಲ್ಲಿ ಮುಂಭಾಗದ ಎಂಜಿನ್ನಿನ ಡ್ರ್ಯಾಗ್‌ಸ್ಟರ್ ದೊಡ್ಡ ಸ್ಪರ್ಧೆಗಳಿಂದ ಮರೆಯಾಯಿತು. ಚಾಲಕನ ಕ್ಷೇಮದಿಂದ ಹೊರಟ ನಕ್ಷೆ ವೇಗದಲ್ಲೂ ಗೆದ್ದಿತು ಎಂಬುದು ಇಲ್ಲಿ ಮುಖ್ಯ.

ಎನ್‌ಎಚ್‌ಆರ್‌ಎ ನಿಯಮಪುಸ್ತಕವೂ ಇದೇ ಕ್ರಮದಲ್ಲಿ ಯೋಚಿಸುತ್ತದೆ. ಕಾರು ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಕಮಾನಾದ ರೋಲ್ ಬಾರ್ ಅವನ ತಲೆಯಿಂದ 6 ಇಂಚಿನೊಳಗಿರಬೇಕು, ಹೆಲ್ಮೆಟ್ಟಿನ ನೆತ್ತಿಗಿಂತ ಕನಿಷ್ಠ 3 ಇಂಚು ಎತ್ತರವಿರಬೇಕು. ಪಕ್ಕದ ಪೈಪು ಅವನ ಭುಜಕ್ಕೂ ಮೊಣಕೈಗೂ ನಡುವೆ ಹಾದುಹೋಗಬೇಕು. ಈ ಅಳತೆಗಳಲ್ಲಿ ಒಂದೂ ಎಂಜಿನ್ನಿನಿಂದ ಹೊರಡುವುದಿಲ್ಲ. ಎಲ್ಲವೂ ಮನುಷ್ಯನ ಮೈಯಿಂದಲೇ. ನಿಯಮಗಳ ಎರಡನೆಯ ಆಧಾರ ಸಮಯ. ಸಾಮಾನ್ಯವಾಗಿ ಕಾಲು ಮೈಲಿಯನ್ನು 11.49 ಸೆಕೆಂಡಿನಲ್ಲಿ ಮುಗಿಸುವ ಕಾರಿಗೆ ರೋಲ್ ಬಾರ್, 10.99ಕ್ಕೆ ಇಳಿದರೆ ಪೂರ್ತಿ ಪೈಪಿನ ಪಂಜರವಾದ ರೋಲ್ ಕೇಜ್, 9.99ಕ್ಕೆ ಬಂದರೆ ತಪಾಸಕರು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ ಚಾಸಿ ಕಡ್ಡಾಯ. ಕಾರ್ಖಾನೆಯಿಂದ ಬಂದ ಹೊಸ ಕಾರುಗಳಿಗೆ ಕೆಲವು ವಿನಾಯಿತಿಗಳಿವೆ, ಶೆಡ್ಡಿನಲ್ಲಿ ಕಟ್ಟಿದ ಚಾಸಿಗೆ ಆ ಆಸರೆಯಿಲ್ಲ. ಹಾಗಾಗಿ ‘ನನ್ನ ಕಾರು ಎಷ್ಟು ಸೆಕೆಂಡಿನದು’ ಎಂಬ ಪ್ರಶ್ನೆಗೆ ಪೈಪು ಕೊಳ್ಳುವ ಮೊದಲೇ ಉತ್ತರ ಬರೆದಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಲೆಕ್ಕವೇಕೆ, ಗಟ್ಟಿ ಲೋಹ ಹಾಕಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಕ್ರೋಮೊಲಿ ಎಂದು ಕರೆಯುವ 4130 ಉಕ್ಕಿನ ಮೇಲೆ ಈ ಜನಕ್ಕೆ ಅಪಾರ ನಂಬಿಕೆ. ಅದು ಮೈಲ್ಡ್ ಸ್ಟೀಲ್‌ಗಿಂತ ಬಲಶಾಲಿ ಎಂಬುದು ನಿಜ. ಆದರೆ ಬಾಗದೆ ನಿಲ್ಲುವ ಗುಣ, ಅಂದರೆ ಬಿಗಿತ, ಎರಡಕ್ಕೂ ಹೆಚ್ಚುಕಡಿಮೆ ಒಂದೇ. 1.625 ಇಂಚು ವ್ಯಾಸದ ರೋಲ್ ಕೇಜ್ ಪೈಪಿಗೆ ಮೈಲ್ಡ್ ಸ್ಟೀಲ್ ಆದರೆ 0.118 ಇಂಚು ದಪ್ಪ ಬೇಕು, ಕ್ರೋಮೊಲಿ ಆದರೆ 0.083 ಸಾಕು. ತೂಕ ಕಾಲು ಭಾಗಕ್ಕೂ ಮಿಕ್ಕಿ ಉಳಿಯುತ್ತದೆ, ಜೊತೆಗೆ ಆ ಪೈಪಿನ ಬಿಗಿತವೂ ಸುಮಾರು ಅಷ್ಟೇ ತಗ್ಗುತ್ತದೆ. ಕಳೆದುಕೊಂಡ ಬಿಗಿತವನ್ನು ತುಂಬಿಕೊಡುವುದು ಪೈಪುಗಳನ್ನು ತ್ರಿಕೋನವಾಗಿ ಕಟ್ಟುವ ಜೋಡಣೆ ಮಾತ್ರ. ಅದು ನಕ್ಷೆಯ ಕೆಲಸ. ವೆಲ್ಡಿಂಗಿನ ವಿಷಯವೂ ಇದೆ: ಮೈಲ್ಡ್ ಸ್ಟೀಲನ್ನು ಮಿಗ್ ಎಂಬ ವಿಧಾನದಲ್ಲಿ ಬೆಸೆಯಬಹುದು, ಕ್ರೋಮೊಲಿಗೆ ಟಿಗ್ ವಿಧಾನ ಕಡ್ಡಾಯ, ಬೆಸುಗೆಯನ್ನು ಉಜ್ಜಿ ನುಣುಪು ಮಾಡುವುದಂತೂ ಎರಡಕ್ಕೂ ನಿಷಿದ್ಧ. ಟಿಗ್ ಕೈಹತ್ತದವನಿಗೆ ಅಚ್ಚುಕಟ್ಟಾದ ಮೈಲ್ಡ್ ಸ್ಟೀಲ್ ಚಾಸಿಯೇ ಮೇಲು.

ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ರೇಸ್ ಗೆಲ್ಲಿಸುವುದು ಹಿಂದಿನ ಟಯರಿನ ಹಿಡಿತ, ಆ ಹಿಡಿತವನ್ನು ನಿರ್ಧರಿಸುವುದು ತೂಕ, ಕಾರಿನಲ್ಲಿ ಎಲ್ಲಕ್ಕಿಂತ ಭಾರದ ವಸ್ತು ಎಂಜಿನ್. ಹಾಗಿದ್ದ ಮೇಲೆ ಅದೇ ಮೊದಲಲ್ಲವೇ? ಲೆಕ್ಕ ಹಾಕಿ ನೋಡೋಣ. 1100 ಕಿಲೋ ತೂಕದ ಕಾರು, ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ (ವೀಲ್‌ಬೇಸ್) 2.75 ಮೀಟರ್, ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ, ಹೊರಡುವಾಗಿನ ವೇಗೋತ್ಕರ್ಷ ಗುರುತ್ವದ ಒಂದೂವರೆ ಪಟ್ಟು ಎಂದಿಟ್ಟುಕೊಳ್ಳಿ. ಆ ಕ್ಷಣದಲ್ಲಿ ಮುಂದಿನ ಚಕ್ರಗಳಿಂದ ಹಿಂದಿನವಕ್ಕೆ 300 ಕಿಲೋ ಭಾರ ಸರಿಯುತ್ತದೆ. ಗುರುತ್ವಕೇಂದ್ರ 10 ಸೆಂಟಿಮೀಟರ್ ಏರಿದರೆ ಇನ್ನೂ 60 ಕಿಲೋ. ಈ ಲೆಕ್ಕದಲ್ಲಿ ಎಂಜಿನ್ನಿನ ಪಾಲು ದೊಡ್ಡದು, ಒಪ್ಪೋಣ. ಆದರೆ ಎಂಜಿನ್ ಮೌಂಟನ್ನು ಬಿಚ್ಚಿ ನಾಲ್ಕು ಇಂಚು ಹಿಂದೆ ಮುಂದೆ ಸರಿಸಬಹುದು. ಫೋರ್ ಲಿಂಕ್ ಸಸ್ಪೆನ್ಷನ್ನಿನ ತೋಳುಗಳನ್ನು ಬೇರೆ ತೂತಿಗೆ ಬೋಲ್ಟ್ ಹಾಕಿ ಭಾರ ಟಯರಿಗೆ ತಾಕುವ ರೀತಿಯನ್ನು ಬದಲಿಸಬಹುದು. ಬ್ಯಾಟರಿಯನ್ನು ಹಿಂದಕ್ಕೆ ಕೊಂಡೊಯ್ಯಬಹುದು. ಚಾಲಕನ ತಲೆಯ ಸುತ್ತ ಬೆಸೆದ ಕೇಜ್ ಹಾಗೆ ಸರಿಯುವುದಿಲ್ಲ. ಬದಲಿಸಲಾಗದ್ದನ್ನು ಮೊದಲು ಗುರುತು ಹಾಕಿ, ಬದಲಿಸಬಹುದಾದ್ದನ್ನು ಅದರ ಸುತ್ತ ಹೊಂದಿಸುವುದೇ ಸರಿಯಾದ ಕ್ರಮ.

ವೃತ್ತಿಪರರ ಕಾರುಗಳಲ್ಲೂ ಈ ಪಾಠ ದುಬಾರಿಯಾಗಿ ಬಂತು. 2007ರ ಮಾರ್ಚ್‌ನಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಪರೀಕ್ಷಾರ್ಥ ಓಟದ ವೇಳೆ ಟಯರಿನ ಭೀಕರ ಅದುರಾಟಕ್ಕೆ ಸಿಕ್ಕಿ ಚಾಲಕ ಎರಿಕ್ ಮೆಡ್ಲೆನ್ ಅವರ ತಲೆಗೆ ಮಾರಕ ಪೆಟ್ಟಾಯಿತು. ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಆಮೇಲೆ ಅವರು ಓಡಿಸುತ್ತಿದ್ದ ‘ಫನ್ನಿ ಕಾರ್’ ವರ್ಗದ ಕಾರುಗಳಲ್ಲಿ ಚಾಲಕನ ತಲೆಯ ಬಳಿ ಕೇಜ್ ಅಗಲವಾಯಿತು, ಪ್ಯಾಡಿಂಗ್ ಹೆಚ್ಚಿತು.

ಅಳತೆಗೆ ಬಗ್ಗಿಸಿದ ಪೈಪುಗಳ ಕಿಟ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ, ಬಗ್ಗಿಸುವ ಯಂತ್ರವಿಲ್ಲದವನಿಗೆ ಅದೇ ಜಾಣತನ. ಆದರೆ ಕಿಟ್ ತಯಾರಿಸಿದವನಿಗೆ ನಿಮ್ಮ ಬೆನ್ನಿನ ಉದ್ದ ಗೊತ್ತಿಲ್ಲ. ಆದ್ದರಿಂದ ಕಾರು ಕಟ್ಟಲು ಹೊರಟವರು ಸೀಟನ್ನು ನೆಲದ ಮೇಲಿಟ್ಟು, ಪೂರ್ತಿ ಸೂಟು, ಹೆಲ್ಮೆಟ್ ತೊಟ್ಟು, ಬೆಲ್ಟ್ ಬಿಗಿದು ಕುಳಿತು, ಇನ್ನೊಬ್ಬರಿಂದ ಅಳತೆ ತೆಗೆಸಿ. ಆ ನಕ್ಷೆಯನ್ನು ಚಾಸಿ ತಪಾಸಕರಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಮೊದಲ ಪೈಪನ್ನು ಕತ್ತರಿಸಿ.