ದೀರ್ಘ ಓಟವೂ ಊಟದ ವೇಳೆಯೂ

ದೂರ ಓಡುವವನು ಯಾವಾಗ ಉಣ್ಣಬೇಕೆಂಬ ಪ್ರಶ್ನೆ ಪ್ರಯೋಗಕ್ಕೆ ಒಳಗಾದುದು ಬಾಸ್ಟನ್ ನಗರದಲ್ಲಿ. 1924ರ ಮ್ಯಾರಥಾನ್ ಓಟ ಮುಗಿದೊಡನೆ ಅಲ್ಲಿನ ವೈದ್ಯರು ಕೆಲವು ಓಟಗಾರರ ರಕ್ತವನ್ನು ಪರೀಕ್ಷಿಸಿದರು. ತೀರ ಬಳಲಿ ಬಿಳಿಚಿಕೊಂಡಿದ್ದವರ ರಕ್ತದಲ್ಲಿ ಸಕ್ಕರೆಯ ಅಂಶ ಬಹಳ ಇಳಿದಿದ್ದಿತು. ಇನ್ಸುಲಿನ್ ಚಿಕಿತ್ಸೆ ಆರಂಭವಾದುದು 1922ರಲ್ಲಷ್ಟೆ; ಅದರ ಪ್ರಮಾಣ ಮೀರಿದಾಗ ಮಧುಮೇಹಿಗಳಲ್ಲಿ ತೋರುವ ಲಕ್ಷಣಗಳನ್ನೇ ವೈದ್ಯರು ಇಲ್ಲಿಯೂ ಗುರುತಿಸಿದರು. ಆಸ್ಪತ್ರೆಯ ಆ ಅನುಭವವಿಲ್ಲದಿದ್ದರೆ ಇದನ್ನು ಬರಿಯ ದಣಿವೆಂದೇ ಎಣಿಸುತ್ತಿದ್ದರೇನೊ. ಮರುವರ್ಷ ಓಟಕ್ಕೆ ಮುನ್ನ ಪಿಷ್ಟಪ್ರಧಾನವಾದ ಆಹಾರವನ್ನೂ ಓಟದ ನಡುವೆ ಮಿಠಾಯಿಯನ್ನೂ ಕೊಡಿಸಲಾಗಿ, ಸಕ್ಕರೆಯ ಕುಸಿತ ತಪ್ಪಿತು. ಓಟಗಾರರ ಸ್ಥಿತಿಯೂ ಮೇಲಾಯಿತು.

ಹಾಗೆಂದು ಹೊಟ್ಟೆ ತುಂಬ ಉಂಡು ಓಡುವುದು ಸಲ್ಲದು. ಓಡುವಾಗ ರಕ್ತವು ಜಠರವನ್ನು ಬಿಟ್ಟು ಮಾಂಸಖಂಡಗಳತ್ತ ಹೆಚ್ಚಾಗಿ ಹರಿಯುವುದರಿಂದ ಜೀರ್ಣಕ್ರಿಯೆ ಕುಂಠಿತವಾಗಿ ಓಕರಿಕೆ, ಹೊಟ್ಟೆನೋವು ಬರಬಹುದು. ಪೂರ್ಣ ಭೋಜನಕ್ಕೂ ಓಟಕ್ಕೂ 3–4 ಗಂಟೆಗಳ ಅಂತರವಿರುವುದು ಲೇಸು. ದೀರ್ಘ ಓಟಕ್ಕೆ ಇದಕ್ಕಿಂತಲೂ ಮುಖ್ಯವಾದುದು ಹಿಂದಿನ ದಿನಗಳ ಊಟ. ಕೆಲವು ದಿನ ಪಿಷ್ಟವನ್ನು ಹೇರಳವಾಗಿ ಉಂಡವರ ಮಾಂಸಖಂಡಗಳಲ್ಲಿ ಗ್ಲೈಕೋಜನ್ ಸಂಗ್ರಹ ಹೆಚ್ಚುವುದೆಂದೂ, ಅವರು ಹೆಚ್ಚು ಹೊತ್ತು ಶ್ರಮಿಸಬಲ್ಲರೆಂದೂ 1967ರಲ್ಲಿ ಸ್ವೀಡನ್ನಿನ ಸಂಶೋಧಕರು ತೊಡೆಯ ಮಾಂಸಖಂಡದ ಚೂರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿ ತೋರಿಸಿದರು. ಅರ್ಧ ಗಂಟೆಯ ನಿತ್ಯದ ಓಟಕ್ಕೆ ಇಷ್ಟೆಲ್ಲ ಸಿದ್ಧತೆ ಬೇಕಿಲ್ಲ.