ರಸ್ತೆಯ ಪೆಟ್ಟೂ ವಿಮೆಯ ಪರಿಹಾರವೂ

ಮಳೆಗಾಲ ಕಾಲಿಟ್ಟಿತೆಂದರೆ ನಮ್ಮ ರಸ್ತೆಗಳ ಸ್ವರೂಪವೇ ಬದಲಾಗಿಬಿಡುತ್ತದೆ. ನಿನ್ನೆ ಸಮತಟ್ಟಾಗಿದ್ದ ಡಾಮರಿನ ನಡುವೆ ಇಂದು ಒಂದು ಗುಂಡಿ. ಆ ಗುಂಡಿಯನ್ನು ಮರೆಮಾಚುವಂತೆ ಮೇಲೊಂದಿಷ್ಟು ಕೆಸರುನೀರು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡದ ಮಣ್ಣು ಜಾರಿ ದಾರಿಗೆ ಬೀಳುತ್ತದೆ. ಊರೊಳಗೆ ಗಾಳಿಗೆ ಮುರಿದ ಕೊಂಬೆ ನಿಂತ ಕಾರಿನ ಮೇಲೆ ಒರಗುತ್ತದೆ. ಬೆಂಗಳೂರಿನ ಕೆಳಸೇತುವೆಗಳಲ್ಲಿ ಒಂದು ದೊಡ್ಡ ಮಳೆಗೆ ನೀರು ಮಡುಗಟ್ಟಿ ನಿಲ್ಲುತ್ತದೆ. ಇಂಥ ಆಪತ್ತಿನಲ್ಲಿ ಕಾರಿಗೆ ಪೆಟ್ಟಾದಾಗ "ಹೇಗೂ ವಿಮೆ ಇದೆಯಲ್ಲ" ಎಂದು ಸಮಾಧಾನ ತಂದುಕೊಳ್ಳುವುದು ಸಹಜ. ಆದರೆ ಆ ವಿಮೆ ಕೈಗೆ ಬರುವುದೂ ಬಾರದಿರುವುದೂ ಎಷ್ಟೋ ವೇಳೆ ಪೆಟ್ಟು ಬಿದ್ದ ಅನಂತರದ ಒಂದು ಗಂಟೆಯಲ್ಲಿ ನಾವು ಏನು ಮಾಡುತ್ತೇವೆ ಎಂಬುದನ್ನೇ ಅವಲಂಬಿಸಿದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿಮೆ ಎಂಬುದು ಪಾರಸಿಯ 'ಬೀಮಾ' ಶಬ್ದದಿಂದ ನಮ್ಮಲ್ಲಿಗೆ ಬಂದ ಮಾತು. ಅದರ ಮೂಲದಲ್ಲಿರುವ 'ಬೀಮ್' ಎಂಬುದಕ್ಕೆ ಭಯವೆಂದು ಅರ್ಥ. ನಮ್ಮ ಹಿರಿಯರು 'ಯೋಗಕ್ಷೇಮ' ಎಂಬ ಜೋಡುಮಾತನ್ನು ಬಿಡಿಸಿ ಹೇಳುವಾಗ, ಇಲ್ಲದ್ದನ್ನು ಪಡೆಯುವುದು ಯೋಗ, ಇರುವುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎನ್ನುತ್ತಿದ್ದರು. ವಾಹನ ವಿಮೆ ಕ್ಷೇಮದ ವರ್ಗಕ್ಕೆ ಸೇರಿದ್ದೇ ಹೊರತು ಯೋಗದ್ದಲ್ಲ. ಕಳೆದುಕೊಂಡದ್ದನ್ನು ಕರಾರಿನ ಮಿತಿಯೊಳಗೆ ಅದು ತುಂಬಿಕೊಡುತ್ತದೆ. ಹಳೆಯ ಕಾರನ್ನು ಹೊಸದು ಮಾಡಿಕೊಡುವ ಹೊಣೆ ಅದಕ್ಕಿಲ್ಲ. ಈ ತತ್ತ್ವ ಮನಸ್ಸಿನಲ್ಲಿದ್ದರೆ ಮುಂದಿನ ನಿಯಮಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಮೊದಲು ನೋಡಬೇಕಾದದ್ದು ನಮ್ಮ ಪಾಲಿಸಿ ಯಾವ ಬಗೆಯದು ಎಂಬುದನ್ನು. 1988ರ ಮೋಟಾರು ವಾಹನ ಕಾಯಿದೆಯು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ನಮ್ಮ ಕಾರಿನಿಂದ ಇತರರಿಗೆ ಆದ ಹಾನಿಗೆ ಅದು ಉತ್ತರ ಹೇಳುತ್ತದೆ. ನಮ್ಮ ಕಾರಿಗೆ ಆದ ಹಾನಿಗೆ ಅದರಿಂದ ಒಂದು ಕಾಸೂ ಹುಟ್ಟುವುದಿಲ್ಲ. ಅದಕ್ಕೆ 'ಓನ್ ಡ್ಯಾಮೇಜ್' ಎಂಬ ಭಾಗ ಬೇರೆಯೇ ಇರಬೇಕು. ಇಲ್ಲೊಂದು ಸೂಕ್ಷ್ಮವಿದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರು ಕೊಳ್ಳುವವರು ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕಾಗಿದೆ. ಆದರೆ ಓನ್ ಡ್ಯಾಮೇಜ್ ಭಾಗವನ್ನು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಮಾಡಿಸಿರುತ್ತಾರೆ. ಎರಡನೆಯ ವರ್ಷ ಪೊಲೀಸರು ತಪಾಸಣೆ ಮಾಡಿದರೆ ವಿಮೆ ಇದೆ ಎಂದೇ ತೋರುತ್ತದೆ. ಗುಂಡಿಗೆ ಬಿದ್ದು ಗ್ಯಾರೇಜಿಗೆ ಹೋದಾಗ ಮಾತ್ರ ಬೇಕಾದ ಭಾಗ ಮುಗಿದುಹೋಗಿದೆ ಎಂದು ತಿಳಿಯುತ್ತದೆ. ಆದ್ದರಿಂದ ಪಾಲಿಸಿಯ ಹಾಳೆಯಲ್ಲಿರುವ ಎರಡು ತಾರೀಖುಗಳನ್ನೂ ಇಂದೇ ತೆಗೆದು ನೋಡುವುದು ಒಳ್ಳೆಯದು.

ಓನ್ ಡ್ಯಾಮೇಜ್ ಭಾಗ ಇದ್ದರೆ ರಸ್ತೆಯ ಆಪತ್ತುಗಳಲ್ಲಿ ಹೆಚ್ಚಿನವು ಅದರ ವ್ಯಾಪ್ತಿಯೊಳಗೆ ಬರುತ್ತವೆ. ಹೊರಗಿನಿಂದ ಆಕಸ್ಮಿಕವಾಗಿ ತಗುಲಿದ ಪೆಟ್ಟು, ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಆಲಿಕಲ್ಲು, ಭೂಕುಸಿತ, ಬಂಡೆಯುರುಳು ಇವೆಲ್ಲ ಪಾಲಿಸಿಯಲ್ಲಿ ಉಕ್ತವಾಗಿವೆ. ಗುಂಡಿಯ ಹೊಡೆತ, ಅಡ್ಡ ಬಂದ ದನ, ಮುರಿದುಬಿದ್ದ ಮರ ಇವು ಆಕಸ್ಮಿಕ ಪೆಟ್ಟಿನ ಲೆಕ್ಕಕ್ಕೆ ಸೇರುತ್ತವೆ. ಸವೆತ, ತುಕ್ಕು, ಯಂತ್ರ ತಾನಾಗಿ ಕೆಟ್ಟು ನಿಂತದ್ದು ಇವು ಸೇರುವುದಿಲ್ಲ. ಕೆಟ್ಟ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿ ಸಸ್ಪೆನ್ಷನ್ ಸಡಿಲಾಗಿದ್ದರೆ ಅದು ಸವೆತ. ಒಂದೇ ಗುಂಡಿಯ ಹೊಡೆತಕ್ಕೆ ಅದು ಮುರಿದರೆ ಅಪಘಾತ. ಗುಂಡಿಗೆ ಬಿದ್ದು ಟಯರು ಮಾತ್ರ ಒಡೆದಿದ್ದರೆ ಮಾಮೂಲಿ ಪಾಲಿಸಿಯಲ್ಲಿ ಪರಿಹಾರವಿಲ್ಲ. ಟಯರಿನ ಜೊತೆಗೆ ಕಾರಿನ ಬೇರೆ ಭಾಗಕ್ಕೂ ಅದೇ ಹೊತ್ತಿನಲ್ಲಿ ಹಾನಿಯಾಗಿದ್ದರೆ ಹೊಸ ಟಯರಿನ ಬೆಲೆಯಲ್ಲಿ ಅರ್ಧ ದೊರೆಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ದೇಶದ ಮಾಮೂಲಿ ಮೋಟಾರು ಪಾಲಿಸಿಯಲ್ಲಿ ಒಂದು ಷರತ್ತಿದೆ. ಅಪಘಾತವಾದ ಮೇಲೆ ಹಾನಿ ಹೆಚ್ಚದಂತೆ ಮಾಲೀಕನು ಎಚ್ಚರಿಕೆ ವಹಿಸಬೇಕು. ಅಗತ್ಯ ರಿಪೇರಿ ಮಾಡಿಸದೆ ಕಾರನ್ನು ಓಡಿಸಿ ಹಾನಿ ಬೆಳೆದರೆ ಬೆಳೆದಷ್ಟರ ಹೊಣೆ ಅವನದೇ. ಎಂದರೆ, ರಸ್ತೆ ಕೊಟ್ಟ ಪೆಟ್ಟಿಗೆ ಕಂಪನಿ ಕೊಡುತ್ತದೆ, ನಾವು ಕೂಡಿಸಿದ ಪೆಟ್ಟಿಗೆ ಕೊಡುವುದಿಲ್ಲ.

ಇದಕ್ಕೆ ಒಂದು ಉದಾಹರಣೆ. ಒಬ್ಬ ಗೃಹಸ್ಥರು ಸಕಲೇಶಪುರದಿಂದ ಕೆಳಕ್ಕೆ ಇಳಿಯುತ್ತಿದ್ದಾರೆಂದು ಇಟ್ಟುಕೊಳ್ಳೋಣ. ನೀರು ತುಂಬಿದ ಗುಂಡಿಯಲ್ಲಿ ಅಡಗಿದ್ದ ಕಲ್ಲು ಕಾರಿನ ಅಡಿಗೆ ಬಡಿಯಿತು. ಎಂಜಿನ್ನಿನ ಕೆಳಗಿರುವ ಎಣ್ಣೆಯ ತೊಟ್ಟಿ, ಅಂದರೆ ಆಯಿಲ್ ಸಂಪು, ಬಿರುಕುಬಿಟ್ಟಿತು. ಶಬ್ದ ಕೇಳಿಸಿತು, ಆದರೆ ಕಾರು ಓಡುತ್ತಲೇ ಇತ್ತು. ಎದುರಿಗೆ ಎಣ್ಣೆಯ ಕೆಂಪು ದೀಪ ಹತ್ತಿದ್ದನ್ನೂ ಲೆಕ್ಕಿಸದೆ "ಊರು ಸೇರಿದ ಮೇಲೆ ನೋಡೋಣ" ಎಂದು ಅವರು ಮುಂದುವರಿದರು. ಎಣ್ಣೆಯೆಲ್ಲ ಸೋರಿ, ಲೋಹಕ್ಕೆ ಲೋಹ ಉಜ್ಜಿ, ಕೆಲವೇ ಮೈಲಿಗಳಲ್ಲಿ ಎಂಜಿನ್ನು ಬಿಗಿದು ನಿಂತಿತು. ಸಂಪು ಒಡೆದದ್ದು ಗುಂಡಿಯಿಂದ, ಅದಕ್ಕೆ ಪರಿಹಾರವುಂಟು. ಎಂಜಿನ್ನು ಬಿಗಿದದ್ದು ಮುಂದುವರಿದದ್ದರಿಂದ. ಅದು ಮಾಲೀಕರ ತಲೆಗೆ. ಮೊದಲನೆಯದು ಕೆಲವು ಸಾವಿರದ ಮಾತು, ಎರಡನೆಯದು ಲಕ್ಷದವರೆಗೂ ಹೋದೀತು.

ನೀರಿನ ವಿಷಯವೂ ಹೀಗೆಯೇ. ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ನು ಗಾಳಿಯನ್ನು ಒತ್ತುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ನೀರಿನಲ್ಲಿ ನಿಂತುಹೋದ ಕಾರಿನ ಕೀಲಿಯನ್ನು ಮತ್ತೆ ತಿರುಗಿಸಿದರೆ ಒಳಹೊಕ್ಕ ನೀರಿಗೆ ಪಿಸ್ಟನ್ನು ಗುದ್ದಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ರವಾಹದಿಂದ ಆಸನ, ವೈರು, ದೀಪಗಳಿಗಾದ ಹಾನಿಯನ್ನು ವಿಮೆ ತುಂಬಿಕೊಡುತ್ತದೆ. ಹೀಗೆ ಎಂಜಿನ್ನಿಗೆ ಆದ ಹಾನಿಯನ್ನು ಮಾತ್ರ ಅದು ಆನುಷಂಗಿಕ ನಷ್ಟವೆಂದು ಹೇಳಿ ಕಂಪನಿಗಳು ಸಾಮಾನ್ಯವಾಗಿ ತಳ್ಳಿಹಾಕುತ್ತವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ಕಾರುಗಳು ನೀರಿನಲ್ಲಿ ಮುಳುಗಿದುದನ್ನು ಓದುಗರು ಮರೆತಿರಲಾರರು. ಮುಳುಗಿದ ಕಾರಿನ ಕೀಲಿ ಮುಟ್ಟದೆ ಟೋ ಮಾಡಿಸಿ ಗ್ಯಾರೇಜಿಗೆ ಸಾಗಿಸುವುದೊಂದೇ ಸರಿಯಾದ ಕ್ರಮ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿಯೂ ಸಿಗುತ್ತದೆ. ನೀರು ನಿಲ್ಲುವ ಬಡಾವಣೆಯಲ್ಲಿ ಇರುವವರು ಅದನ್ನು ಯೋಚಿಸಬಹುದು.

ಆದುದರಿಂದ ಪೆಟ್ಟು ಬಿದ್ದೊಡನೆ ಮಾಡಬೇಕಾದುದು ಇಷ್ಟು. ಮೊದಲು ಒಳಗಿದ್ದವರ ಪ್ರಾಣ ನೋಡಬೇಕು, ಬಳಿಕ ಕಾರು. ಅಪಾಯದ ದೀಪ ಹಾಕಿ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ನು ಆರಿಸಬೇಕು. ಬಗ್ಗಿ, ಕಾರಿನ ಅಡಿಯಲ್ಲಿ ಎಣ್ಣೆ ಅಥವಾ ನೀರು ಸೋರುತ್ತಿದೆಯೇ ಎಂದು ನೋಡಬೇಕು. ಕಾರಿನ ನಂಬರು ಕಾಣುವಂತೆಯೂ, ಗುಂಡಿ, ಮರ ಅಥವಾ ಮಣ್ಣುರಾಶಿ ಕಾಣುವಂತೆಯೂ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ಮೈಲಿಗಲ್ಲೋ ಅಂಗಡಿಯ ಫಲಕವೋ ಚಿತ್ರದಲ್ಲಿದ್ದರೆ ಸ್ಥಳ ನಿಶ್ಚಯವಾಗುತ್ತದೆ. ಅಲ್ಲಿಂದಲೇ ವಿಮಾ ಕಂಪನಿಗೆ ಫೋನು ಮಾಡಿ ಕ್ಲೇಮಿನ ನಂಬರು ಬರೆದುಕೊಳ್ಳಬೇಕು. ಇತರರಿಗೆ ಗಾಯವೋ ಅವರ ಆಸ್ತಿಗೆ ಹಾನಿಯೋ ಆಗಿದ್ದರೆ ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸುವುದು ಕಾಯಿದೆಯ ಪ್ರಕಾರ ಚಾಲಕನ ಕರ್ತವ್ಯ. ಕಾರನ್ನು ಎಳೆದೊಯ್ಯುವ ಖರ್ಚಿಗೆ ಮಾಮೂಲಿ ಪಾಲಿಸಿಯಲ್ಲೇ 1,500 ರೂಪಾಯಿವರೆಗೆ ಅವಕಾಶವಿದೆ. ಇದನ್ನು ಅರಿಯದೆ ಟೋಯಿಂಗಿನ ಹಣ ಉಳಿಸಲು ಹೋಗಿ ಎಂಜಿನ್ನನ್ನು ಕಳೆದುಕೊಳ್ಳುವವರುಂಟು.

ಗ್ಯಾರೇಜು ಸೇರಿದ ಮೇಲೆ ಸರ್ವೇಯರ್ ಬಂದು ನೋಡುವ ತನಕ ಏನನ್ನೂ ಬಿಚ್ಚಿಸಬಾರದು. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ಸುತ್ತೋಲೆಯಂತೆ, ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ಗೊತ್ತುಮಾಡಬೇಕು. ಅವರು 15 ದಿನದಲ್ಲಿ ವರದಿ ಕೊಡಬೇಕು. ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಕ್ಲೇಮಿನ ಅರ್ಜಿಯಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯುವುದು ಲೇಸು. ಗುಂಡಿಗೆ ಬಿದ್ದದ್ದನ್ನು ಗೋಡೆಗೆ ಗುದ್ದಿದೆನೆಂದು ಬರೆಸುವ ಚತುರರು ಗ್ಯಾರೇಜುಗಳಲ್ಲಿ ಸಿಗುತ್ತಾರೆ. ಪೆಟ್ಟಿನ ಗುರುತು ಒಂದು ಹೇಳಿ ಬರೆಹ ಇನ್ನೊಂದು ಹೇಳಿದರೆ ನ್ಯಾಯವಾಗಿ ಬರಬೇಕಾದದ್ದೂ ಹೋಗುತ್ತದೆ.

ಎಷ್ಟು ಬರುತ್ತದೆ? ಇಲ್ಲಿಯೇ ಅನೇಕರಿಗೆ ನಿರಾಸೆ. ಹೊಸ ಭಾಗ ಹಾಕಿಸುವಾಗ ಹಳೆಯದರ ಸವಕಳಿಯನ್ನು ಕಳೆಯುತ್ತಾರೆ. ರಬ್ಬರು, ಪ್ಲಾಸ್ಟಿಕ್, ಟಯರು, ಬ್ಯಾಟರಿಗಳಿಗೆ ನೂರಕ್ಕೆ 50, ಫೈಬರಿಗೆ 30, ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನಂತೆ ಏರುತ್ತ, ಮೂರರಿಂದ ನಾಲ್ಕು ವರ್ಷದ ಕಾರಿಗೆ 25, ಐದರಿಂದ ಹತ್ತು ವರ್ಷದ್ದಕ್ಕೆ 40. ಮೂರೂವರೆ ವರ್ಷದ ಸಣ್ಣ ಕಾರೊಂದಕ್ಕೆ ಲೋಹದ ರಿಮ್ಮು 8,000, ಟಯರು 6,000, ಬಂಪರು 5,000, ಕೂಲಿ 3,000, ಒಟ್ಟು 22,000 ರೂಪಾಯಿ ಬಿಲ್ಲಾಯಿತೆನ್ನೋಣ. ಸವಕಳಿ ಕಳೆದರೆ ಕ್ರಮವಾಗಿ 6,000, 3,000, 2,500, ಕೂಲಿ ಪೂರ್ತಿ 3,000, ಒಟ್ಟು 14,500. ಇದರಲ್ಲಿ ಮಾಲೀಕನು ಕಡ್ಡಾಯವಾಗಿ ಭರಿಸಬೇಕಾದ 1,000 ಕಳೆದು 13,500 ಕೈಗೆ ಬರುತ್ತದೆ. 1,500 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಕಾರಾದರೆ ಕಳೆಯುವುದು 2,000. 'ಜೀರೋ ಡೆಪ್ರಿಸಿಯೇಷನ್' ಎಂಬ ಹೆಚ್ಚುವರಿ ಭಾಗ ಕೊಂಡವರಿಗೆ ಪಾಲಿಸಿಯ ಷರತ್ತಿಗೆ ಒಳಪಟ್ಟು ಈ ಸವಕಳಿಯ ಕಡಿತ ಇರುವುದಿಲ್ಲ.

ಇನ್ನು, ಬರುತ್ತದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಸಣ್ಣ ಪೆಟ್ಟಿಗೂ ಕ್ಲೇಮು ಮಾಡುವುದು ಲಾಭವಲ್ಲ. ಕ್ಲೇಮು ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ನೂರಕ್ಕೆ 20, 25, 35, 45, ಕೊನೆಗೆ 50ರಂತೆ ರಿಯಾಯಿತಿ ಏರುತ್ತದೆ. ಇದೇ ನೋ ಕ್ಲೇಮ್ ಬೋನಸ್. 50 ಮುಟ್ಟಿದವರು ಒಂದು ಕ್ಲೇಮು ಮಾಡಿದರೆ ಅದು ಸೊನ್ನೆಗಿಳಿದು, ಮತ್ತೆ ಮೊದಲಿನಿಂದ ಹತ್ತಬೇಕು. ಪ್ರೀಮಿಯಂ 8,000 ರೂಪಾಯಿಯೇ ಉಳಿಯಿತೆಂದು ಲೆಕ್ಕ ಹಾಕಿದರೆ, ಮತ್ತೆ 50 ಮುಟ್ಟುವಷ್ಟರಲ್ಲಿ ಒಟ್ಟು 10,000 ರೂಪಾಯಿಯ ರಿಯಾಯಿತಿ ಕೈಬಿಡುತ್ತದೆ. ಆದುದರಿಂದ ಮೂರು ನಾಲ್ಕು ಸಾವಿರದ ಹಾನಿಯನ್ನು ತಾವೇ ಭರಿಸಿ, ದೊಡ್ಡ ಹಾನಿಗೆ ವಿಮೆಯನ್ನು ಇಟ್ಟುಕೊಳ್ಳುವುದು ವಿವೇಕ. ಅವಧಿ ಮುಗಿದ 90 ದಿನದೊಳಗೆ ನವೀಕರಿಸದಿದ್ದರೆ ಈ ರಿಯಾಯಿತಿ ತಾನಾಗಿಯೇ ಹೋಗುತ್ತದೆ ಎಂಬುದನ್ನೂ ನೆನಪಿಡಬೇಕು.

ನ್ಯಾಯವಾದ ಕ್ಲೇಮನ್ನು ಕಂಪನಿ ನಿರಾಕರಿಸಿದರೆ ಸುಮ್ಮನಿರಬೇಕಾಗಿಲ್ಲ. ಯಾವ ಷರತ್ತಿನ ಮೇಲೆ ನಿರಾಕರಣೆ ಎಂಬುದನ್ನು ಬರೆಹದಲ್ಲಿ ಕೇಳಬೇಕು. ಬಾಯಿಮಾತಿನ 'ಇಲ್ಲ'ಕ್ಕೆ ಬೆಲೆಯಿಲ್ಲ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಲ್ಲಿ ದೂರು ಕೊಡಬಹುದು. ಕರ್ನಾಟಕದವರಿಗೆ ಬೆಂಗಳೂರಿನಲ್ಲಿಯೇ ಕಚೇರಿ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅವರು ಕೊಟ್ಟ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿರುತ್ತದೆ. ಈ ಎರಡು ಕಡೆಯೂ ಕೈಹಿಡಿಯುವುದು ದಾಖಲೆ: ಸ್ಥಳದ ಚಿತ್ರ, ಫೋನು ಮಾಡಿದ ಹೊತ್ತು, ಟೋ ಮಾಡಿದವರ ರಸೀತಿ. ಎಂಜಿನ್ನು ಆರಿಸಿ ನಿಲ್ಲಿಸಿದೆನೆಂಬುದಕ್ಕೆ ಆ ರಸೀತಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಇಷ್ಟೆಲ್ಲ ಆದ ಮೇಲೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಕ್ಲೇಮಿಗೆಂದು ತೆಗೆದ ಗುಂಡಿಯ ಚಿತ್ರವನ್ನೇ ಪಂಚಾಯತಿಗೋ ನಗರಸಭೆಗೋ ಲೋಕೋಪಯೋಗಿ ಇಲಾಖೆಗೋ ಒಂದು ಅರ್ಜಿಯೊಡನೆ ಕಳುಹಿಸಬೇಕು. ಕಾರಿನವರಿಗೆ ರಿಮ್ಮು ಬಾಗಿಸುವ ಗುಂಡಿ, ರಾತ್ರಿಯ ಹೊತ್ತು ಸ್ಕೂಟರಿನಲ್ಲಿ ಬರುವವರಿಗೆ ಪ್ರಾಣಾಂತಿಕವಾದೀತು. ಆ ನಷ್ಟವನ್ನು ತುಂಬಿಕೊಡುವ ಪಾಲಿಸಿ ಯಾವ ಕಂಪನಿಯಲ್ಲಿಯೂ ಇಲ್ಲ.