'ಸ್ಮಾಲ್ ಪೊಟೇಟೋಸ್' ಅಂದ್ರೆ ಸಣ್ಣ ಆಲೂಗಡ್ಡೆಯಲ್ಲ!

ಬೆಂಗಳೂರಿನ ಕಂಪನಿಯಲ್ಲಿರುವ ನನ್ನ ತಂಗಿಯ ಮಗಳು ಮೊನ್ನೆ ಫೋನಿನಲ್ಲಿ ಕೇಳಿದಳು: "ದೊಡ್ಡಮ್ಮಾ, ಮೀಟಿಂಗ್‌ನಲ್ಲಿ ನಮ್ಮ ಟೀಮಿನ ಕೆಲಸ 'ಸ್ಮಾಲ್ ಪೊಟೇಟೋಸ್' ಅಂದ್ರು. ಹೊಗಳಿದ್ದೋ, ಬೈದಿದ್ದೋ?"

ಹೊಗಳಿಕೆಯಂತೂ ಅಲ್ಲ. ಲೆಕ್ಕಕ್ಕಿಲ್ಲದ್ದು, ಚಿಲ್ಲರೆ ಅಂತ ಅರ್ಥ. 19ನೇ ಶತಮಾನದ ಅಮೆರಿಕದ ಆಡುಮಾತಿದು. ಹಣ, ವ್ಯಾಪಾರ, ಕೆಲಸ, ಆಸಾಮಿ ಎಲ್ಲಕ್ಕೂ ಹೊಂದುತ್ತೆ. ತಮಾಷೆಯೆಂದರೆ ಒಬ್ಬನೇ ಮನುಷ್ಯನ ಬಗ್ಗೆ ಹೇಳಿದರೂ ಬಹುವಚನವೇ, 'ಪೊಟೇಟೋಸ್'. ಸಾಮಾನ್ಯವಾಗಿ ದೊಡ್ಡದೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ ಹೇಳುತ್ತಾರೆ. ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅವುಗಳ ಮುಂದೆ ನಮ್ಮ ಹುಲಿಕೆರೆಯ ಕಲ್ಯಾಣಿ ಟೂರಿಸ್ಟ್ ಬಸ್ಸಿನವರಿಗೆ 'ಸ್ಮಾಲ್ ಪೊಟೇಟೋಸ್'. ಅದೂ ಹೊಯ್ಸಳರ ಕಾಲದ್ದೇ, ಮೆಟ್ಟಿಲ ಸುತ್ತ ಪುಟ್ಟ ಪುಟ್ಟ ಗುಡಿಗಳಿವೆ. ಬಂದು ನೋಡಿದವರು ಹಾಗನ್ನಲಾರರು, ಆ ಮಾತು ಬೇರೆ.

ಗೆಳೆಯರ ನಡುವೆ ಈ ಮಾತು ನಡೆಯುತ್ತೆ, ಅರ್ಜಿಯಲ್ಲಿ ಬರೆಯಬೇಡಿ. ಎದುರಿಗಿರುವವರ ಕೆಲಸಕ್ಕೆ ಅಂದರೆ ಚುಚ್ಚುತ್ತೆ. 'ನಾಟ್ ಸ್ಮಾಲ್ ಪೊಟೇಟೋಸ್' ಅಂದರೆ 'ಕಡಿಮೆ ಏನಲ್ಲ ಕಣ್ರೀ' ಅಂದಂತೆ.

ಕನ್ನಡದಲ್ಲಿ 'ಅದ್ಯಾವ ಲೆಕ್ಕ?' ಅನ್ನುತ್ತೇವಲ್ಲ, ಅದೇ ಇದಕ್ಕೆ ಸರಿಜೋಡಿ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಹತ್ತಿರ ಬಂದರೂ ಅದು ಸಾಲದು ಅನ್ನುವ ಮಾತು, ಕೀಳು ಅನ್ನುವುದಲ್ಲ.

ಆದರೆ ಆಲೂಗಡ್ಡೆಯ ಜಿಲ್ಲೆಯವಳಾದ ನನಗೆ ಈ ಹೋಲಿಕೆ ಒಪ್ಪಿಗೆಯಿಲ್ಲ. ಮಾರುವಾಗ ಸಣ್ಣದಕ್ಕೆ ರೇಟು ಕಡಿಮೆ, ನಿಜ. ಬಿತ್ತನೆಗೆ ಬಂದರೆ ಲೆಕ್ಕವೇ ತಿರುಗುತ್ತೆ. ಜಲಂಧರ್‌ನಿಂದ ಹಾಸನದ ಎಪಿಎಂಸಿಗೆ ಲಾರಿಯಲ್ಲಿ ಬರುವ ಬಿತ್ತನೆ ಗಡ್ಡೆಯಲ್ಲಿ ಕೋಳಿಮೊಟ್ಟೆ ಗಾತ್ರದ್ದು ಸಿಕ್ಕರೆ ಇಡಿಯಾಗಿ ನೆಡಬಹುದು. ದಪ್ಪ ಗಡ್ಡೆಯಾದರೆ ಪ್ರತಿ ಹೋಳಿನಲ್ಲೂ ಕಣ್ಣಿರುವಂತೆ ಕೊಯ್ಯಬೇಕು. ಮಳೆ ಜಾಸ್ತಿಯಾದರೆ ಆ ಹೋಳು ಮಣ್ಣಲ್ಲೇ ಕೊಳೆಯುತ್ತೆ, ಸಾಲ ಮಾಡಿ ತಂದ ಬೀಜ ಹೋಯ್ತು ಅಂತಲೇ. ಉಳಿದು ಚಿಗುರಿದ್ದಕ್ಕೆ ಅಂಗಮಾರಿ ಕಾದಿರುತ್ತೆ. 1845ರಲ್ಲಿ ಐರ್ಲೆಂಡಿಗೆ ಬಡಿದು ಭೀಕರ ಬರಗಾಲ ತಂದ ರೋಗವೇ ಇದು. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಹಸಿರು ಹೊಲ ಕೆಲವೇ ದಿನಗಳಲ್ಲಿ ಕರಿದಾಗುತ್ತೆ. ಬೇಸತ್ತು ಮುಸುಕಿನ ಜೋಳ, ಶುಂಠಿಗೆ ಹೊರಳಿದವರು ನಮ್ಮ ಕಡೆ ಎಷ್ಟೋ ಮಂದಿ.

ನಾವು ಇನ್ನೂ ಅರ್ಧ ಎಕರೆ ಹಾಕುತ್ತೇವೆ. ಬಿತ್ತನೆ ತರಲು ಹಾಸನಕ್ಕೆ ಹೋದಾಗ ನಮ್ಮ ಯಜಮಾನರು ಚೀಲದ ಬಾಯಿ ಬಿಚ್ಚಿಸಿ ಮೊದಲು ಹುಡುಕುವುದು ಸಣ್ಣ ಗಡ್ಡೆಯನ್ನೇ.